ಉಸಿರಿಗೆ ಸಾಕ್ಷಿ

ಆ ಬೆಳಗ್ಗೆ ನಮ್ಮ ಮನೆಯವರಿಗೆ ಎಡಮೂಗು ನಡೆಯುತ್ತಿತ್ತು. ನನ್ನ ಮಣಿಕಟ್ಟಿನ ಒಳಮೈಯನ್ನು ಅವರ ಮೂಗಿನ ಕೆಳಗೆ ಹಿಡಿದು, ಸ್ವಲ್ಪ ಹೊತ್ತು ಕಾದು, "ಎಡ" ಅಂದೆ.

ಅವರು ಕಣ್ಣು ತೆರೆಯದೆಯೇ ಕೇಳಿದರು, "ಬಲದಲ್ಲಿ ಏನೂ ಇಲ್ವಾ? ಒಂಚೂರೂ?"

"ಒಂಚೂರು ಅದೆ. ಸಮ ಇಲ್ಲ."

ಆಮೇಲೆ ಅವರು ತಮ್ಮ ಮಣಿಕಟ್ಟನ್ನು ನನ್ನ ಮೂಗಿನ ಕೆಳಗೆ ಹಿಡಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಮುಖ ಗಂಭೀರ ಮಾಡಿಕೊಂಡು, "ಬಲ. ಜೋರಾಗೇ ಅದೆ. ಇವತ್ತು ಯಾರಿಗೋ ಬೈಗುಳ ಕಾದದೆ" ಅಂದರು. ಬಲಮೂಗಿನ ಉಸಿರು ಸೂರ್ಯನದು, ಬಿಸಿ ಎಂಬುದು ನಮ್ಮ ಮನೆಯ ಲೆಕ್ಕ. ಎಡದ್ದು ಚಂದ್ರನದು, ತಂಪು.

ಚಾಪೆಯಿಂದ ಎಡಗಾಲು ಮುಂದಿಟ್ಟು ಎದ್ದರು. ಕಾಫಿ ಕುಡಿದು ಕಡವಿನ ಕಡೆ ಇಳಿದರು. ಕೊಳವಳ್ಳಿಯಲ್ಲಿ ನಮ್ಮ ಮನೆ ಇರುವುದು ಕಬಿನಿಯ ದಡದಲ್ಲೇ. ದೋಣಿ ಹತ್ತುವ ಕಡವಿನಲ್ಲಿ ಯಾರು ಏನು ಮಾತಾಡಿದರೂ ಅಂಗಳಕ್ಕೆ ಕೇಳುತ್ತದೆ. ದೋಣಿಯವನು ದಿನಾ ಕೇಳುವ ಪ್ರಶ್ನೆಯನ್ನೇ ಅವತ್ತೂ ಕೇಳಿದ, "ಇಡತ್ತೋ ವಲತ್ತೋ, ಅಣ್ಣಾ?"

"ಎಡ ಕಣಪ್ಪ."

"ಹಂಗಾರೆ ಎಡಗಾಲೇ ಮಡಗಿ. ನಾನು ತೋಣಿ ಹಿಡ್ಕತೀನಿ. ಇನ್ನೊಂದ್ಸಲ ನಿಮ್ಮನ್ನ ಹೊಳೆಯಿಂದ ಎತ್ತಕ್ಕೆ ನನ್ನ ಕೈಲಾಗದಿಲ್ಲ."

ಸಂಜೆ ಬರುವಾಗ ಆಚೆ ದಡದಿಂದ ಒಂದು ಪಂಚೆ ತುಂಬ ಸೊಗಡವರೆಕಾಯಿ ಕಟ್ಟಿಕೊಂಡು ಬಂದರು. ನಾನು, ಅತ್ತೆ, ಅವರು ಮೂವರೂ ಜಗುಲಿಯಲ್ಲಿ ಕೂತು ಸುಲಿದೆವು. ಕೈಯೆಲ್ಲ ಅವರೆಯ ಸೊಗಡು. ನಾಳೆ ಹಿದುಕಿ ಸಾರು ಮಾಡಬೇಕೆಂದು ಕಾಳನ್ನು ನೀರಿಗೆ ಹಾಕಿ ಮಲಗಿದೆವು.

ಅದು ನಮ್ಮ ಕೊನೆಯ ಮಾಮೂಲಿ ದಿನ. ಮರುದಿನ ಅವರು ಬೇಗ ಎದ್ದರು. ಕಾಫಿ ಕಣದ ಮೇಲೆ ಇಬ್ಬನಿ ಬಿದ್ದಿದೆ, ಹಣ್ಣು ಹರಡಿ ಬಂದು ಚಾಪೆಯಲ್ಲಿ ಕೂರೋಣ ಎಂದು ಹೋದರು. ಹರಡುತ್ತಿದ್ದ ಹಾಗೆಯೇ ಕಣದ ಅಂಚಿನಲ್ಲಿ ಕೂತರು. ಮತ್ತೆ ಏಳಲಿಲ್ಲ.

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಮೂಗು ನೋಡುವ ಪದ್ಧತಿ ನಮ್ಮ ಮನೆಗೆ ಹೇಗೆ ಬಂತೆಂದು ಹೇಳಬೇಕು. ಅದನ್ನು ನೆನೆಸಿಕೊಂಡರೆ ಈಗಲೂ ಒಲೆ ಮುಂದೆ ಒಬ್ಬಳೇ ನಗುತ್ತೇನೆ.

ನಾನು ಹುಟ್ಟಿದ್ದು ಆಚೆ ದಡದಲ್ಲಿ, ಕನ್ನಡನಾಡಿನ ಕಡೆ. ಅಲ್ಲೇ ಏಳನೆಯ ತರಗತಿಯವರೆಗೆ ಕನ್ನಡ ಓದಿ, ದೋಣಿಯಲ್ಲಿ ಕೂತು ಈ ದಡಕ್ಕೆ ಸೊಸೆಯಾಗಿ ಬಂದವಳು. ನಾನು ಬಂದಾಗ ವಯನಾಡು ಬೇರೆ ಜಿಲ್ಲೆಯಾಗಿ ಒಂದೆರಡು ಮಳೆಗಾಲ ಕಳೆದಿತ್ತು. ಎಲ್ಲರ ಬಾಯಲ್ಲೂ ಹೊಸ ಜಿಲ್ಲೆಯ ಮಾತು. ಇನ್ನು ದೊಡ್ಡ ಆಫೀಸಿನ ಕೆಲಸಕ್ಕೆ ಘಾಟಿ ಇಳಿದು ಕೋಳಿಕ್ಕೋಡಿಗೆ ಹೋಗುವುದು ಬೇಡ, ಕಲ್ಪೆಟ್ಟಕ್ಕೆ ಹೋದರೆ ಸಾಕು ಎಂದು ಗಂಡಸರು ಹೇಳುತ್ತಿದ್ದರು. ಅತ್ತೆ ಮಾತ್ರ ಒಪ್ಪುತ್ತಿರಲಿಲ್ಲ. "ಜಿಲ್ಲೆ ಬಂತು ಬಂತು ಅಂತೀರಲ್ಲ, ಎಲ್ಲಿಗೆ ಬಂತು? ನಮ್ಮ ಕಡವಿಗಂತೂ ಬಂದಿಲ್ಲ" ಎನ್ನುತ್ತಿದ್ದರು.

ಮನೆಯಲ್ಲಿ ನಾವು ಮೂರೇ ಜನ. ಮನೆ ಚಿಕ್ಕದು, ಮರ್ಯಾದೆ ದೊಡ್ಡದು. ಹಿರಿಯರ ಎದುರು ಗಂಡಹೆಂಡತಿ ಒಂದೇ ಚಾಪೆಯಲ್ಲಿ ಕೂರುವಂತಿರಲಿಲ್ಲ. ಅವರು ಜಗುಲಿಯಲ್ಲಿದ್ದರೆ ನಾನು ಅಡುಗೆಮನೆಯಲ್ಲಿ. ಅವರು ಒಳಗೆ ಬಂದರೆ ನಾನು ಹಿತ್ತಿಲಲ್ಲಿ. ಮದುವೆಯಾಗಿ ತಿಂಗಳುಗಟ್ಟಲೆ ನಾನು ಅವರ ಮುಖವನ್ನು ಹಗಲಿನ ಬೆಳಕಿನಲ್ಲಿ ಸರಿಯಾಗಿ ನೋಡಿರಲಿಲ್ಲ.

ಆ ವರ್ಷ ಕರ್ಕಾಟಕ ತಿಂಗಳ ಜಡಿಮಳೆಯಲ್ಲಿ ಅತ್ತೆಯ ತಮ್ಮ ಬಂದರು. ನಮ್ಮ ಮನೆಯವರಿಗೆ ಸೋದರಮಾವ. ಆಚೆ ದಡದವರು. ಹರೆಯದಲ್ಲಿ ನಂಜನಗೂಡಿನ ಕಡೆಯ ಒಂದು ಮಠದಲ್ಲಿ ಅಡುಗೆಗೆ ಇದ್ದರಂತೆ. ಅಲ್ಲಿ ಸ್ವಾಮಿಗಳು ಶಿಷ್ಯರಿಗೆ ಯೋಗ ಹೇಳಿಕೊಡುವಾಗ ಬಾಗಿಲ ಹತ್ತಿರ ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡಿದ್ದರು. ಅಕ್ಕನನ್ನು ನೋಡಿ ಹೋಗೋಣ ಎಂದು ಬಂದ ರಾತ್ರಿಯೇ ಹೊಳೆ ಏರಿತು. ದೋಣಿ ನಿಂತಿತು. ಒಂದು ದಿನಕ್ಕೆಂದು ಬಂದವರು ಇಡೀ ತಿಂಗಳು ನಮ್ಮ ಜಗುಲಿಯಲ್ಲೇ ಉಳಿದರು.

ಮಳೆ ಬಿಡುವುದಿಲ್ಲ, ಗದ್ದೆಗೆ ಇಳಿಯುವ ಹಾಗಿಲ್ಲ. ಮಾವ ಒಂದು ಬೆಳಗ್ಗೆ ಎಲೆಯಡಿಕೆಯ ಸುಣ್ಣವನ್ನು ಬೆರಳಲ್ಲಿ ತೆಗೆದುಕೊಂಡು ನಡುಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಒಬ್ಬ ಮನುಷ್ಯನನ್ನು ಬರೆದರು. ಕೂತ ಮನುಷ್ಯ. ಅವನ ಬೆನ್ನುಹುರಿಯ ಉದ್ದಕ್ಕೂ ಕೆಳಗಿನಿಂದ ಮೇಲಕ್ಕೆ ತಾವರೆಗಳು. ಆಸನದ ಹತ್ತಿರ ನಾಲ್ಕು ಎಸಳಿನ ಮೂಲಾಧಾರ, ಅದರ ಮೇಲೆ ಸ್ವಾಧಿಷ್ಠಾನ, ಹೊಕ್ಕುಳಲ್ಲಿ ಮಣಿಪೂರ, ಎದೆಯಲ್ಲಿ ಅನಾಹತ, ಗಂಟಲಲ್ಲಿ ವಿಶುದ್ಧ, ಹುಬ್ಬುಗಳ ನಡುವೆ ಎರಡೇ ಎಸಳಿನ ಆಜ್ಞಾ. ನೆತ್ತಿಯ ಸಾವಿರ ಎಸಳನ್ನು ಬರೆಯುವ ಕೆಲಸವನ್ನು ನಮ್ಮ ಮನೆಯವರಿಗೆ ಕೊಟ್ಟರು. ಅವರು ಏಣಿ ಹತ್ತಿ ಎಸಳು ಬರೆಯುತ್ತಾ ಬರೆಯುತ್ತಾ ಅಟ್ಟದ ಹಲಗೆಯವರೆಗೆ ಹೋದರು.

"ಸಾಕು ಇಳಿಲಾ" ಅಂದರು ಅತ್ತೆ. "ಗೋಡೆ ಮುಗಿತು, ಸುಣ್ಣ ಮುಗಿತು. ನಾನು ಎಲೆಗೆ ಏನು ಸವರ್ಕಳ್ಲಿ?"

ಬೈದರೂ, ಅವತ್ತು ಸಂಜೆ ದೀಪ ಹಚ್ಚುವಾಗ ಅತ್ತೆ ಒಂದೊಂದು ತಾವರೆಗೂ ಕುಂಕುಮ ಇಟ್ಟು, ಕೆಳಗೊಂದು ದಾಸವಾಳ ಸಿಕ್ಕಿಸಿದರು. ಗೋಡೆಯ ಮೇಲೆ ತಾವರೆ ಬರೆದ ಮೇಲೆ ಅದು ದೇವರೇ ಅಲ್ಲವೇ ಎಂಬುದು ಅವರ ಮಾತು.

ಮೂಲಾಧಾರದಲ್ಲಿ ಕುಂಡಲಿನಿ ಎಂಬ ಶಕ್ತಿ ಹಾವಿನ ಹಾಗೆ ಸುರುಳಿ ಸುತ್ತಿ ಮಲಗಿರುತ್ತದೆ, ಅದನ್ನು ಎಬ್ಬಿಸಿ ಒಂದೊಂದೇ ತಾವರೆ ದಾಟಿಸಿ ನೆತ್ತಿಗೆ ಕರೆದುಕೊಂಡು ಹೋಗಬೇಕು ಎಂದು ಮಾವ ವಿವರಿಸಿದರು.

ಅತ್ತೆ ಕೇಳಿದರು, "ಹಾವು ಮಲಗದೆ ಅಂತೀಯ. ಮಲಗಿರೋ ಹಾವ ಎಬ್ಬಿಸೋದು ಯಾಕ್ಲಾ ತಮ್ಮ? ಅದರ ಪಾಡಿಗೆ ಅದು ಮಲಗಿರ್ಲಿ ಬಿಡು."

ಕಾಡಂಚಿನ ಮನೆಯಲ್ಲಿ ಅದು ನ್ಯಾಯವಾದ ಮಾತೇ. ಮಾವ ನಾಡಿಗಳ ಕಡೆಗೆ ಹೊರಳಿದರು. ದೇಹದಲ್ಲಿ ಎಪ್ಪತ್ತೆರಡು ಸಾವಿರ ನಾಡಿಗಳಿವೆ, ಗದ್ದೆಗೆ ನೀರು ಹಾಯುವ ಹಾಗೆ ಅವುಗಳಲ್ಲಿ ಪ್ರಾಣ ಹಾಯುತ್ತದೆ ಅಂದರು.

"ಅದ ಎಣಿಸ್ದೋರು ಯಾರು?"

"ಎಣಿಸಕ್ಕೆ ಕೂತೋರು ಇನ್ನೂ ಎದ್ದಿಲ್ಲ ಕಣಕ್ಕ, ಎಣಿಸ್ತಾನೇ ಅವ್ರೆ."

ನಮ್ಮ ಮನೆಯವರ ತಕರಾರು ಬೇರೆ. ಗದ್ದೆಯ ನೀರು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಇಳಿಯುತ್ತದೆ, ಇದು ಕೆಳಗಿನಿಂದ ಮೇಲಕ್ಕೆ ಏರುವುದು ಹೇಗೆ? ತಾವರೆ ಕೆಳಗಿರಬೇಕು, ಕೆರೆಯಲ್ಲಿರುವ ಹಾಗೆ. ಮಾವ ಚಿತ್ರವನ್ನು ತಲೆಕೆಳಗಾಗಿ ಬರೆದಿರಬೇಕು ಎಂದು ಎರಡು ದಿನ ವಾದ ಮಾಡಿದರು. ಕೊನೆಗೆ ತಾವೇ ಒಂದು ದಾರಿ ಕಂಡುಕೊಂಡರು. ಒಮ್ಮೆ ಕೋಳಿಕ್ಕೋಡಿನಿಂದ ಬಸ್ಸಿನಲ್ಲಿ ಘಾಟಿ ಹತ್ತಿ ಬಂದಿದ್ದರು. ಕೆಳಗೆ ಸೆಕೆ, ಒಂದೊಂದು ತಿರುವಿಗೂ ಬಸ್ಸು ನಿಧಾನ ಮಾಡಿ ಉಸಿರೆಳೆದು ಹತ್ತುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ, ಮೇಲೆ ಬಂದ ಕೂಡಲೇ ತಣ್ಣನೆ ಗಾಳಿ.

"ಘಾಟಿಲಿ ತಿರುವು ಒಂಬತ್ತಲ್ವಾ?" ಅಂದರು ಮಾವ. "ಇಲ್ಲಿ ಏಳೇ."

"ಒಂಬತ್ತು ಬಸ್ಸಿಗೆ, ಮಾವ. ಉಸಿರಿಗೆ ಏಳು ಸಾಕು."

ಇವನಿಗೆ ಅರ್ಥವಾಯಿತು ಎಂದು ಮಾವನಿಗೆ ಖುಷಿಯಾಯಿತು. ಮುಂದಿನ ಪಾಠಕ್ಕೆ ಬಂದರು. ಅಷ್ಟು ನಾಡಿಗಳಲ್ಲಿ ಮುಖ್ಯವಾದದ್ದು ಮೂರು. ಎಡಕ್ಕೆ ಇಡಾ, ಬಲಕ್ಕೆ ಪಿಂಗಳಾ, ನಡುವೆ ಸುಷುಮ್ನಾ. ಯಾವಾಗಲೂ ಒಂದು ಮೂಗಿನಲ್ಲಿ ಉಸಿರು ಹೆಚ್ಚು ಹರಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೊಂದಕ್ಕೆ ಬದಲಾಗುತ್ತದೆ. ಮನೆಯಿಂದ ಹೊರಡುವಾಗ ಯಾವ ಮೂಗು ನಡೆಯುತ್ತಿದೆಯೋ ಆ ಕಾಲನ್ನೇ ಮುಂದಿಡಬೇಕು. ಎರಡೂ ಸಮವಾಗಿ ನಡೆದರೆ ಪ್ರಾಣ ನಡುನಾಡಿಗೆ ಬಂದಿದೆ ಎಂದರ್ಥ. ಆಗ ಲೋಕದ ಕೆಲಸ ಯಾವುದನ್ನೂ ಮಾಡಬಾರದು. ಕೊಡಬಾರದು, ತಗೊಳ್ಳಬಾರದು. ಸುಮ್ಮನೆ ಕೂರಬೇಕು.

ಮರುದಿನವೇ ಅತ್ತೆ ಮಗನಿಗೆ ಗದ್ದೆಯ ಬದ ಒಡೆದಿದೆ, ಹೋಗಿ ಕಟ್ಟಿ ಬಾ ಅಂದರು. ಜಡಿಮಳೆ, ಕೊರೆಯುವ ಚಳಿ. ಅವರು ಕಂಬಳಿಯೊಳಗಿಂದಲೇ ಮೂಗಿನ ಕೆಳಗೆ ಕೈ ಹಿಡಿದು ನೋಡಿಕೊಂಡು, "ಎರಡೂ ಸಮ ಆಗದೆ ಅವ್ವ. ಹೋಗಂಗಿಲ್ಲ" ಅಂದರು.

ಅತ್ತೆ ತಮ್ಮನ ಕಡೆ ತಿರುಗಿದರು. "ನೋಡ್ದೇನ್ಲಾ ನಿನ್ನ ಪಾಠ? ಇವನ ಮೂಗಿಗೆ ಇವನೇ ಸಾಕ್ಷಿ ಹೇಳ್ಕತಾವ್ನೆ. ಇದು ಈ ಮನೇಲಿ ನಡಿಯದಿಲ್ಲ. ಬೇರೆಯವ್ರು ಹಿಡಿದು ನೋಡಿ ಹೇಳ್ಬೇಕು."

"ನೀನೇ ನೋಡು ಹಂಗಾರೆ" ಅಂದರು ಮಾವ.

"ನನ್ನ ಕೈ ಒಲೇಲಿ ಬೆಂದು ಕೊರಡಾಗದೆ. ಅಲ್ಲಿ ನಿಂತವಳಲ್ಲ, ಅವಳು ನೋಡ್ಲಿ."

ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಅತ್ತೆಯ ಎದುರು, ಮಾವನ ಎದುರು, ಹಾಡುಹಗಲಿನಲ್ಲಿ ಗಂಡನ ಮುಖದ ಹತ್ತಿರ ಕೈ ಒಯ್ಯುವುದೆಂದರೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಬೆರಳು ಬೇಡ, ಮಣಿಕಟ್ಟಿನ ಒಳಗೆ ವೈದ್ಯರು ನಾಡಿ ಹಿಡಿಯುವ ಜಾಗದ ಚರ್ಮ ಮೆತ್ತಗಿರುತ್ತದೆ, ಅಲ್ಲಿಗೆ ಸಣ್ಣ ಗಾಳಿಯೂ ತಿಳಿಯುತ್ತದೆ ಎಂದು ಮಾವ ಹೇಳಿಕೊಟ್ಟರು. ಹಿಡಿದೆ. ಅವರ ಉಸಿರು ಬೆಚ್ಚಗೆ ನನ್ನ ಕೈಗೆ ತಗುಲಿತು. ಬಲದಿಂದ ಜೋರಾಗಿ ಬರುತ್ತಿತ್ತು, ಎಡದಿಂದ ಇಲ್ಲವೇ ಇಲ್ಲ. ಅವರು ಕಂಬಳಿಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ಕಣ್ಣು.

"ಬಲ" ಅಂದೆ.

ಅತ್ತೆ ಮೂಲೆಯಲ್ಲಿದ್ದ ಗುದ್ದಲಿ ತಂದು ಮಗನ ಮುಂದಿಟ್ಟರು. ಅವರು ಬಲಗಾಲು ಮುಂದಿಟ್ಟು ಮಳೆಗಿಳಿದರು. ಹೋಗುವಾಗ ನನ್ನ ಕಡೆ ತಿರುಗಿ, "ಒಳ್ಳೆ ಸಾಕ್ಷಿ ಸಿಕ್ತು ನಂಗೆ" ಅಂದರು. ನನಗೆ ನಗು ತಡೆಯಲಾಗದೆ ಒಳಗೆ ಓಡಿದೆ.

ಅಂದಿನಿಂದ ಅದು ಮನೆಯ ಪದ್ಧತಿಯಾಯಿತು. ಯಾರ ಮೂಗಿಗೂ ಅವರೇ ಸಾಕ್ಷಿ ಹೇಳುವಂತಿಲ್ಲ. ಬೆಳಗ್ಗೆ ಗೋಡೆಯ ಮನುಷ್ಯನ ಕೆಳಗೆ ಚಾಪೆ ಹಾಕಿ ನಾನು ಅವರದನ್ನು, ಅವರು ನನ್ನದನ್ನು ನೋಡುವುದು. ಹಿರಿಯರ ಎದುರು ಒಂದೇ ಚಾಪೆಯಲ್ಲಿ ಕೂರಬಾರದೆಂಬ ಮರ್ಯಾದೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಹೊಳೆ ಇಳಿದು ಮಾವ ಹೋದ ಮೇಲೂ ಚಾಪೆ ಹಾಗೆಯೇ ಉಳಿಯಿತು. ಕೊಯ್ಲಾದ ಮೇಲೆ ಒಣಶುಂಠಿಯ ಮೂಟೆ ಇಡಲು ಬೇರೆ ಜಾಗವಿಲ್ಲದೆ ಗೋಡೆಯ ಮನುಷ್ಯನ ಬುಡಕ್ಕೇ ಇಟ್ಟೆವು. ಚಳಿಯಲ್ಲಿ ಏಳಲು ಸೋಮಾರಿತನವಾದಾಗ ಅವರು, "ನಮ್ಮ ಮೂಲಾಧಾರ ಶುಂಠಿ ಮೂಟೆ ಹಿಂದೆ ಸಿಕ್ಕಾಕಂಡದೆ, ನಾನೇನು ಮಾಡ್ಲಿ" ಎನ್ನುತ್ತಿದ್ದರು.

ಅವರು ಹೊಳೆಗೆ ಬಿದ್ದದ್ದೂ ಈ ಪದ್ಧತಿಯಿಂದಲೇ. ನಮ್ಮ ಕಡವಿನಲ್ಲಿ ದಡ ಓರೆಯಾಗಿದೆ, ಎಡಗಾಲಿಟ್ಟೇ ದೋಣಿ ಹತ್ತಬೇಕು. ಒಂದು ದಿನ ಬಲಮೂಗು ನಡೆಯುತ್ತಿತ್ತು. ಬಲಗಾಲೇ ಮೊದಲು ಎಂದು ಹಟ ಹಿಡಿದು, ಮೈ ತಿರುಚಿ ಹತ್ತಲು ಹೋಗಿ ನೀರಿಗೆ ಬಿದ್ದರು. ದೋಣಿಯವನು ಎತ್ತಿ ದಡಕ್ಕೆ ಹಾಕಿ ಕೇಳಿದ ಮೊದಲ ಮಾತು, "ಈಗ ಯಾವ ಮೂಗು, ಅಣ್ಣಾ?" ಎರಡರಲ್ಲೂ ಕಬಿನಿಯೇ ತುಂಬಿತ್ತು.

ಅವರಿಗೆ ಮನಸ್ಸಿನಲ್ಲಿ ಒಂದೇ ಆಸೆ, ಎರಡೂ ಸಮವಾಗುವುದನ್ನು ಒಮ್ಮೆ ಕಾಣಬೇಕು. ದಿನಾ ಕೇಳುತ್ತಿದ್ದರು, ನಾನು ದಿನಾ ಇಲ್ಲ ಎನ್ನುತ್ತಿದ್ದೆ. ಅದು ಬಂದದ್ದು ಕೆಲವು ವರ್ಷಗಳ ಮೇಲೆ, ಗಂಧಸಾಲೆ ಭತ್ತ ಹೂ ಬಿಟ್ಟಿದ್ದ ಒಂದು ಬೆಳಗ್ಗೆ. ಮಳೆ ಹಿಂದಾಗಿತ್ತು. ಬಾಗಿಲು ತೆರೆದರೆ ಗದ್ದೆಯ ಪರಿಮಳ ಮನೆಯೊಳಗೆಲ್ಲ. ಮಣಿಕಟ್ಟು ಹಿಡಿದೆ. ಎಡದಿಂದ ಬಂದಷ್ಟೇ ಬಲದಿಂದ. ನಂಬಿಕೆಯಾಗದೆ ಇನ್ನೊಂದು ಕೈ ಹಿಡಿದೆ. ಅದಕ್ಕೂ ಹಾಗೆಯೇ.

"ಸಮ ಅದೆ" ಅಂದೆ.

"ತಮಾಸೆ ಮಾಡ್ಬೇಡ."

"ಅವ್ವನ ಮೇಲಾಣೆ."

ಅವರು ಕಣ್ಣು ಮುಚ್ಚಿಕೊಂಡರು. ಎಂದೂ ಒಂದು ಗಳಿಗೆ ಸುಮ್ಮನಿರದವರು, ಅಲ್ಲಾಡದೆ ಕೂತರು. ತುಟಿಯ ತುದಿಯಲ್ಲಿ ಮಾತ್ರ ನಗು. ಬಿಸಿಲು ಬಂತು, ಎತ್ತು ಕೂಗಿತು, ಅವರು ಏಳಲಿಲ್ಲ. ಅತ್ತೆ ಬಂದು ನೋಡಿ, ನನ್ನನ್ನು ಕೇಳಿ, ಸಾಕ್ಷಿ ಸರಿಯಾಗಿದೆ ಎಂದು ಖಚಿತ ಮಾಡಿಕೊಂಡು, ತಾವೇ ಹೋಗಿ ನೊಗ ಕಟ್ಟಿದ್ದ ಎತ್ತುಗಳನ್ನು ಬಿಚ್ಚಿದರು. ಅಷ್ಟರಲ್ಲಿ ದೋಣಿಯವನು ಹಾರೆ ಕೇಳಿಕೊಂಡು ಬಂದ.

"ಇವತ್ತು ಕೊಡದೂ ಇಲ್ಲ, ತಗೊಳ್ಳದೂ ಇಲ್ಲ" ಅಂದರು ಅತ್ತೆ. "ಅವನ ಮೂಗು ಸಮ ಆಗದೆ."

"ಸೂಕ್ಕೇಡಾ, ಅಮ್ಮಾ?" ಕಾಯಿಲೆಯೋ ಎಂದು ಅವನ ಪ್ರಶ್ನೆ.

"ಸೂಕ್ಕೇಡಲ್ಲ. ಅಲ್ಲಾಡದಿಲ್ಲ, ಮಾತಾಡದಿಲ್ಲ, ಅಷ್ಟೆ."

ಅಲ್ಲಾಡುವುದಿಲ್ಲ, ಮಾತಾಡುವುದಿಲ್ಲ ಎಂಬುದನ್ನಷ್ಟೇ ಹೊತ್ತುಕೊಂಡು ಅವನು ಆಚೆ ದಡಕ್ಕೆ ಹೋದ. ಮಧ್ಯಾಹ್ನದ ದೋಣಿಯಲ್ಲಿ ಮಾವ ಬಂದಿಳಿದರು, ಕಂಕುಳಲ್ಲಿ ಕಷಾಯದ ಬೇರು, ಕೈಯಲ್ಲಿ ಕಿತ್ತಳೆ, ಕಣ್ಣಲ್ಲಿ ನೀರು. ಒಳಗೆ ಬಂದು ನೋಡಿದರೆ ಅಳಿಯ ಚಾಪೆಯ ಮೇಲೆ ಕೂತು ಬೆಲ್ಲದ ಅವಲಕ್ಕಿ ತಿನ್ನುತ್ತಿದ್ದಾರೆ. ವಿಷಯ ಕೇಳಿ ಮಾವ ಗೋಡೆಗೊರಗಿ ಕುಸಿದು ಕೂತರು.

"ಲೇ ಬಡ್ಡೆತದೆ, ಅದು ಒಂದು ಗಳಿಗೆ ಇರೋದು ಕಣೋ. ಸಮ ಇರೋವಷ್ಟು ಹೊತ್ತು ಸುಮ್ನಿರು ಅಂದ್ರೆ ಇಡೀ ದಿನ ಅನ್ಕಂಡ್ಯಾ?"

ಅವರು ಗಾಬರಿಯಿಂದ ಅವ್ವನನ್ನು ನೋಡಿದರು. ಬೈಗುಳ ಬರುತ್ತದೆಂದು ನಾನೂ ಕಾದೆ. ಅತ್ತೆ ತಮ್ಮ ತಂದ ಕಿತ್ತಳೆಯನ್ನು ಸುಲಿಯುತ್ತಾ ಹೇಳಿದರು, "ನಿಮ್ಮ ಮಠದಲ್ಲಿ ಗಳಿಗೆ. ನಮ್ಮನೇಲಿ ದಿನ. ಎತ್ತು ಬಿಚ್ಚಾಯ್ತು, ಇನ್ನು ಕಟ್ಟೋರು ಯಾರು? ಎಲ್ರೂ ಕೂತ್ಕಳಿ."

ಕೂತೆವು. ಕಿತ್ತಳೆ ತಿಂದೆವು. ಕೆಲಸದ ದಿನದಲ್ಲಿ ಆ ಮನೆ ಹಾಗೆ ಕೈಕಟ್ಟಿ ಕೂತು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ನಮ್ಮ ಮನೆಗೆ ಓಣಂ, ವಿಷು, ಯುಗಾದಿಯ ಜೊತೆ ಇನ್ನೊಂದು ಹಬ್ಬ ಸೇರಿತು. ಅದು ಯಾವಾಗ ಬರುತ್ತದೆಂದು ಯಾವ ಪಂಚಾಂಗದಲ್ಲೂ ಇರಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ ಅವರ ಮೂಗು ಸಮವಾದರೆ ಎತ್ತಿಗೂ ರಜ, ನಮಗೂ ರಜ.

ನನಗೆ ಮಾತ್ರ ಅದು ಬರಲಿಲ್ಲ. ನನ್ನದು ಯಾವಾಗಲೂ ಎಡ, ಇಲ್ಲವೇ ಬಲ. ಅವರು ತಮ್ಮದಕ್ಕಿಂತ ಹೆಚ್ಚಾಗಿ ನನ್ನದಕ್ಕೆ ಕಾಯತೊಡಗಿದರು. ಮೆಣಸಿನ ಬಳ್ಳಿ ಹಬ್ಬಿಸುವ ಮರದ ಮುಳ್ಳು ತಾಗಿ ಅವರ ಕೈಯೆಲ್ಲ ಗೀರು. ಮಣಿಕಟ್ಟಿನ ಒಳಮೈ ಮಾತ್ರ ನುಣುಪಾಗಿತ್ತು. ಅದನ್ನು ನನ್ನ ಮೂಗಿನ ಕೆಳಗೆ ಹಿಡಿದು ಹೇಳುತ್ತಿದ್ದರು, "ಇವತ್ತಿಲ್ಲ. ಬತ್ತದೆ ನಿಂಗೂ. ಬಂದ ದಿವಸ ನಾನೇ ಹಿಡಿದು ಹೇಳ್ತೀನಿ, ನೋಡ್ತಿರು." ಬರುವುದು ಬಿಡುವುದು ನನಗೆ ದೊಡ್ಡದಾಗಿರಲಿಲ್ಲ. ಅವರು ಹಾಗೆ ಹೇಳುವುದನ್ನು ದಿನಾ ಕೇಳಬೇಕಿತ್ತು. ಬಂದರೆ ಅವರ ಬಾಯಿಂದಲೇ "ಸಮ" ಎಂದು ಕೇಳಬೇಕಿತ್ತು.

ಕಣದಲ್ಲಿ ಅವರು ಕೂತ ಬೆಳಗ್ಗೆ ದೋಣಿಯವನೂ ಕಾಫಿ ಕೊಯ್ಯಲು ಬಂದವರೂ ಓಡಿ ಬಂದರು. ಯಾರೋ ನೀರು ಚಿಮುಕಿಸಿದರು, ಯಾರೋ ಜೀಪು ತರಲು ಓಡಿದರು. ನಾನು ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದೆ. ಎಡದಲ್ಲಿ ಇರಲಿಲ್ಲ. ಬಲದಲ್ಲಿ ಇರಲಿಲ್ಲ. ಅತ್ತೆ ನನ್ನ ಮುಖ ನೋಡುತ್ತಿದ್ದರು. ಆ ಮನೆಯಲ್ಲಿ ಮಗನ ಉಸಿರಿಗೆ ನಾನೇ ಸಾಕ್ಷಿ ಎಂದು ಅತ್ತೆಯೇ ನೇಮಿಸಿದ್ದರಲ್ಲ.

ನೀರಿಗೆ ಹಾಕಿದ್ದ ಅವರೆಕಾಳು ಎರಡು ದಿನವಾದ ಮೇಲೆ ಮೊಳಕೆಯೊಡೆದಿತ್ತು. ದೋಣಿಯವನ ಹೆಂಡತಿ ತೆಗೆದುಕೊಂಡು ಹೋಗಿ ತಮ್ಮ ಹಿತ್ತಿಲಲ್ಲಿ ಊರಿದಳು.

ಬಹಳ ದಿನ ನಾನು ಚಾಪೆ ಹಾಕಲಿಲ್ಲ. ಒಂದು ಬೆಳಗ್ಗೆ ಎದ್ದು ಬಂದರೆ ಅತ್ತೆ ತಾವೇ ಹಾಕಿ, ಗೋಡೆಯ ಮನುಷ್ಯನ ಕೆಳಗೆ ಕೂತು, ನನಗಾಗಿ ಕಾಯುತ್ತಿದ್ದರು. "ಬಾ, ನಾನು ನೋಡ್ತೀನಿ" ಅಂದರು. ತಮ್ಮ ಮಣಿಕಟ್ಟನ್ನು ನನ್ನ ಮೂಗಿನ ಕೆಳಗೆ ಹಿಡಿದರು. ಹಿಡಿದೇ ಇದ್ದರು.

"ಎಡವಾ, ಅತ್ತೆ?"

"ನೀನು ಉಸಿರಾಡ್ತಿದ್ದೀಯೋ ಇಲ್ವೋ ಅದೇ ಗೊತ್ತಾಗ್ತಿಲ್ಲ ಕಣವ್ವ. ಮರಗಟ್ಟೋಗದೆ ಇದು. ಇನ್ನೊಸಿ ಜೋರಾಗಿ ಬಿಡು."

ಜೋರಾಗಿ ಬಿಟ್ಟೆ. "ಇನ್ನೂ ಜೋರಾಗಿ" ಅಂದರು. ಬುಸ್ ಎಂದು ಬಿಟ್ಟೆ. "ಹಾ, ಹಾವೆದ್ದಂಗಾಯ್ತು" ಅಂದರು ಅತ್ತೆ. ನಮ್ಮ ಮನೆಯವರು ಹೋದ ಮೇಲೆ ನಾವಿಬ್ಬರೂ ನಕ್ಕದ್ದು ಅವತ್ತೇ ಮೊದಲು. ನಗುತ್ತಾ ನಗುತ್ತಾ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟೆವು.

ಈಗ ಮತ್ತೆ ದಿನಾ ಕೂರುತ್ತೇನೆ. ಗೋಡೆಗೆ ಎರಡು ಸಲ ಕೆಮ್ಮಣ್ಣು ಬಳಿದೆವು, ಎರಡು ಸಲವೂ ತಾವರೆಗಳನ್ನು ಬಿಟ್ಟು ಸುತ್ತ ಬಳಿದೆವು. ನೆತ್ತಿಯ ಎಸಳುಗಳು ಅವರು ಬರೆದಿದ್ದ ಹಾಗೆಯೇ ಇವೆ, ಕೆಲವು ದಪ್ಪ, ಕೆಲವು ಸೊಟ್ಟ, ಏಣಿ ಜಾರಿದಲ್ಲಿ ಒಂದು ಉದ್ದ ಗೀರು.

ಈ ಸಲ ಗಂಧಸಾಲೆ ಹೂ ಬಿಟ್ಟಾಗ ಒಂದು ಬೆಳಗ್ಗೆ ಬಾಗಿಲು ತೆರೆದಿಟ್ಟು ಕೂತಿದ್ದೆ. ಪರಿಮಳ ಎರಡೂ ಕಡೆಯಿಂದ ಒಟ್ಟಿಗೆ ಒಳಗೆ ಬಂದ ಹಾಗಾಯಿತು. ಕೈ ಹಿಡಿದು ನೋಡಿಕೊಂಡೆ. ಎಡದಷ್ಟೇ ಬಲ. ಇನ್ನೊಂದು ಕೈಗೂ ಹಾಗೆಯೇ ಅನ್ನಿಸಿತು. ತುಂಬ ಹೊತ್ತು ಅಲ್ಲಾಡದೆ ಕೂತೆ. ಒಳಗೆಲ್ಲ ಬೆಳಕಾದ ಹಾಗಿತ್ತು.

ಅತ್ತೆ ಒಳಗಿನಿಂದ ಬಂದು ನನ್ನನ್ನೇ ನೋಡಿದರು. "ಸಮವಾ?"

"ಹಂಗನ್ನಿಸ್ತದೆ ಅತ್ತೆ. ನಂಗೆ ನಾನೇ ಹೇಳಂಗಿಲ್ವಲ್ಲ."

ಅತ್ತೆ ಜಗುಲಿಗೆ ಹೋಗಿ, ಕೆಲಸಕ್ಕೆ ಬಂದವರಿಗೆ ಇವತ್ತು ರಜ, ನಾಳೆ ಬನ್ನಿ ಎಂದು ಹೇಳಿ ಕಳಿಸಿದರು. ನಾವಿಬ್ಬರೂ ಬೆಲ್ಲದ ಅವಲಕ್ಕಿ ಕಲಸಿಕೊಂಡು ತಿಂದೆವು. ಕಡವಿನಲ್ಲಿ ದೋಣಿಯವನು ಯಾರನ್ನೋ ಕೂರಿಸಿಕೊಂಡು ಹೋಗುವುದು ಕೇಳಿಸಿತು. ಒಳ್ಳೆಯ ದಿನವಾಗಿತ್ತು.

ನನ್ನ ಮೂಗಿನ ಕೆಳಗೆ ಹಿಡಿದು ಸಮ ಎಂದು ಹೇಳಲು ಅವರ ಕೈ ಇರಲಿಲ್ಲ.